ಕಬ್ಬಿನ ದಾರಿಯ ಠರಾವು

ಗೋಕಾಕದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಬಿ.ಎ. ಮಕ್ಕಳಿಗೆ ಅಮೆರಿಕದ ಸರ್ಕಾರವನ್ನು ಕಲಿಸುತ್ತಿದ್ದೇನೆ. ಅಮೆರಿಕವನ್ನು ಕಂಡವಳಲ್ಲ, ಕಾಣಬೇಕೆಂಬ ಆಸೆಯೂ ಇಲ್ಲ. ಆದರೆ ಅಲ್ಲಿ ಒಂದು ಮಸೂದೆ ಎಲ್ಲಿ ಹುಟ್ಟುತ್ತದೆ, ಯಾವ ಸಮಿತಿಯಲ್ಲಿ ಮೂಲೆ ಸೇರುತ್ತದೆ, ಯಾರ ಸಹಿಗಾಗಿ ಕಾಯುತ್ತ ಕೂರುತ್ತದೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಒಮ್ಮೆ ಮೂಡಲಗಿ ಕಡೆಯ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದಳು: "ಅಮೆರಿಕದ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಸದಸ್ಯರಿಗೆ ಬೇಡವಾದರೆ ಅವಿಶ್ವಾಸ ತಂದು ಇಳಿಸುತ್ತಾರೆ." ಪಾಪ, ಆಕೆಗೆ ಗೊತ್ತಿದ್ದ ಅಧ್ಯಕ್ಷರು ಗ್ರಾಮ ಪಂಚಾಯತಿಯ ಅಧ್ಯಕ್ಷರು. ಕನ್ನಡದಲ್ಲಿ ಇಬ್ಬರಿಗೂ ಒಂದೇ ಪದ. ನಾನು ಸೊನ್ನೆ ಕೊಟ್ಟು, ಕೆಂಪು ಶಾಯಿಯಲ್ಲಿ "ಇದು ನಿಮ್ಮೂರ ಪಂಚಾಯತಿ ಅಲ್ಲ" ಎಂದು ಬರೆದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಶಬ್ದ ತಪ್ಪಿದರೂ ಅಂಕ ಕಡಿಯುವವಳು ಎಂದು ಕಾಲೇಜಿನಲ್ಲಿ ನನಗೆ ಹೆಸರಿದೆ.

ಅದಾದ ಮೇಲೆ ನನ್ನ ಅಕ್ಕ ಪಂಚಾಯತಿ ಸದಸ್ಯೆಯಾದಳು.

ನಾವು ಹುಕ್ಕೇರಿ ತಾಲ್ಲೂಕಿನವರು. ಹಿಡಕಲ್ ಡ್ಯಾಮಿನ ಕಾಲುವೆಯ ಮಗ್ಗುಲಿಗೆ ನಮ್ಮೂರು. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಬುದ್ಧನ ಪಟವೊಂದು, ಅದರ ಕೆಳಗೆ ನನ್ನ ಪುಸ್ತಕದ ಚೀಲ. ಅಕ್ಕ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟಳು, ನಾನು ಓದಲಿ ಎಂದು. ಈ ಮಾತನ್ನು ಆಕೆ ಒಂದು ಸಲವೂ ಎತ್ತಿ ಆಡಿಲ್ಲ. ನಾನು ಮಾತ್ರ ದಿನಾ ನೆನೆಯುತ್ತೇನೆ, ನೆನೆದಾಗ ಇನ್ನಷ್ಟು ಸಿಡುಕುತ್ತೇನೆ. ಆಕೆಯನ್ನು ಮಸಗುಪ್ಪಿಯ ಆಚೆಗಿನ ಒಂದು ಹಳ್ಳಿಗೆ ಕೊಟ್ಟರು. ಅಲ್ಲಿ ಹೊಲದ ಕಳೆ ಕಸ ತೆಗೆಯುವುದು, ಕಬ್ಬು ನಾಟಿ ಮಾಡುವುದು ಆಕೆಯ ಕೆಲಸ. ಮೀಸಲು ಸೀಟು ಬಂದಾಗ ಕೇರಿಯವರು ಆಕೆಯನ್ನೇ ನಿಲ್ಲಿಸಿ ಗೆಲ್ಲಿಸಿದರು. ದೊಡ್ಡಕ್ಷರವಾದರೆ ಕೂಡಿಸಿ ಕೂಡಿಸಿ ಓದುತ್ತಾಳೆ, ಸಹಿ ಮಾಡುತ್ತಾಳೆ, ಅಷ್ಟೇ.

ಆಕೆ ಗೆದ್ದ ದಿನ ಅತ್ತೆ ಆಕೆಯ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದ್ದು. ಆ ಅತ್ತೆಯನ್ನು ಮನೆಮಂದಿಯೆಲ್ಲ ಆಯಿ ಎನ್ನುತ್ತಿದ್ದೆವು. ಎಂಬತ್ತು ದಾಟಿದ ಜೀವ, ಕಣ್ಣು ಮಬ್ಬು, ಕಿವಿ ಮಾತ್ರ ಚುರುಕು. ಆಯಿ ಅಂದದ್ದು ಹೀಗೆ: "ನಿಮ್ಮ ಮಾವನ್ನ ವಾರಿ ಮಾಡಿ ಒಯ್ದ್ರು. ನನ್ನ ನೆಟ್ಟಗ ಒಯ್ಯೂ ಹಂಗ ಮಾಡವ್ವಾ."

ವಾರಿ ಎಂದರೆ ಓರೆ. ಕೇರಿಯಿಂದ ಹಳ್ಳದ ದಂಡೆಯ ಸ್ಮಶಾನಕ್ಕೆ ಹಿಂದೆ ಬಂಡಿ ಹೋಗುವಷ್ಟು ಅಗಲದ ದಾರಿಯಿತ್ತಂತೆ. ಸ್ಮಶಾನಕ್ಕೆ ಹೊಂದಿಕೊಂಡೇ ಊರ ಮುಸ್ಲಿಮರ ಖಬರಸ್ತಾನ. ಇಬ್ಬರಿಗೂ ಅದೊಂದೇ ದಾರಿ. ಕಾಲುವೆ ನೀರು ಬಂತು, ಕಬ್ಬು ಬಂತು. ಪ್ರತಿ ವರ್ಷ ನೇಗಿಲು ಒಂದೊಂದು ಸಾಲು ದಾರಿಯೊಳಗೆ ಬಂತು. ಕೊನೆಗೆ ಉಳಿದದ್ದು ಒಬ್ಬರು ನಡೆಯುವಷ್ಟು ಬದು. ಬೆಳೆದ ಕಬ್ಬಿನ ನಡುವೆ ನಾಲ್ಕು ಹೆಗಲ ಮೇಲೆ ಚಟ್ಟ ಹೋಗುವುದಿಲ್ಲ. ಹೆಗಲಿಂದ ಇಳಿಸಬೇಕು, ಓರೆ ಮಾಡಬೇಕು, ಹಿಂದೊಬ್ಬ ಮುಂದೊಬ್ಬ ಹಿಡಿದು ಎಳೆದುಕೊಂಡು ಹೋಗಬೇಕು. ಆಯಿಯ ಗಂಡನನ್ನು ಹಾಗೆ ಒಯ್ಯುವಾಗ ಹಗ್ಗ ಸಡಿಲಾಗಿ ಒಂದು ಕೈ ಹೊರಗೆ ಜೋತುಬಿದ್ದು, ಕಬ್ಬಿನ ಗರಿ ಗೀರಿ ಗೀರಿ ಕೈಯೆಲ್ಲ ಗೆರೆ ಎದ್ದಿತ್ತಂತೆ. ಆಯಿ ಅದನ್ನು ನೋಡಿದ್ದಳು. ಸತ್ತವನಿಗೆ ನೋವಾಗಲಿಲ್ಲ, ನೋಡಿದವಳಿಗೆ ಆಯಿತು.

ಇದನ್ನು ಕೇಳಿ ನನಗೆ ಮೈ ಉರಿಯಿತು. ನಾಲ್ಕು ಪುಟ ಅರ್ಜಿ ಬರೆದೆ. ಸಂವಿಧಾನದ ವಿಧಿಗಳು, ಸಮಾನತೆ, ಘನತೆ, ಒತ್ತುವರಿ, ಯಾವುದನ್ನೂ ಬಿಡಲಿಲ್ಲ. ಮೂಡಲಗಿಗೆ ಹೋಗಿ ತಹಶೀಲ್ದಾರರ ಕಚೇರಿಯಲ್ಲಿ ಕೊಟ್ಟೆ. ಅಲ್ಲಿಯ ಗುಮಾಸ್ತರು ಸಭ್ಯರು. ಅರ್ಜಿ ತೆಗೆದುಕೊಂಡು, ಸಿಕ್ಕಾ ಹೊಡೆದು, "ಛಲೋ ಬರದೀರಿ ಬಾಯಾರ. ಆದ್ರ ಮೊದಲ ಪಂಚಾಯ್ತಿ ಠರಾವು ಬೇಕಾಗತೈತ್ರಿ" ಎಂದರು. ನಿರ್ಣಯಕ್ಕೆ ನಮ್ಮ ಕಡೆ ಠರಾವು ಅನ್ನುತ್ತಾರೆ, ಮೇಡಂಗೆ ಬಾಯಾರು.

ಸರಿ, ಅಕ್ಕನನ್ನು ಕರೆದುಕೊಂಡು ಪಂಚಾಯತಿಗೆ ಹೋದೆ. ಅಧ್ಯಕ್ಷರು ಕುಳಿತಿದ್ದರು. ಬಾಜೂಕ್ಕೆ ಅವರ ಮಾವ, ಊರಿನ ಸಾವ್ಕಾರರು. ಸಾವ್ಕಾರರು ಸದಸ್ಯರಲ್ಲ, ಆದರೂ ಪಂಚಾಯತಿಯಲ್ಲಿ ಅವರಿಗೊಂದು ಕುರ್ಚಿ ಇದ್ದೇ ಇರುತ್ತದೆ. ದಾರಿ ನುಂಗಿದ ಕಬ್ಬು ಅವರದೇ. ನಾನು ಅರ್ಧ ಗಂಟೆ ಮಾತಾಡಿದೆ. "ಒತ್ತುವರಿ" ಎಂಬ ಶಬ್ದವನ್ನು ಸಾವ್ಕಾರರ ಮುಖ ನೋಡುತ್ತಲೇ ಆರೇಳು ಸಲ ಅಂದೆ. ಅಧ್ಯಕ್ಷರು ಕೊನೆಯವರೆಗೂ ಕೇಳಿಸಿಕೊಂಡು, ಚಹಾ ತರಿಸಿ, "ಆತ್ರಿ ಬಾಯಾರ, ನೋಡೂಣ ತೊಗೋರಿ" ಎಂದು ನಕ್ಕರು.

ನಾನು ಹಿರಿಹಿರಿ ಹಿಗ್ಗಿ ಹೊರಗೆ ಬಂದೆ. ಅಕ್ಕ ಸೆರಗು ಸರಿ ಮಾಡಿಕೊಳ್ಳುತ್ತ ಅಂದಳು, "ಅಂವ ಇಲ್ಲ ಅಂದ."

"ಯಾವಾಗ ಅಂದ್ರು? ನೋಡೂಣ ಅಂದ್ರಲ್ಲ!"

"ಮಾಡೂಣ ಅಂದ್ರ ಮಾಡತಾರ. ನೋಡೂಣ ಅಂದ್ರ ಇಲ್ಲ. ನೋಡೂಣ ತೊಗೋರಿ ಅಂದ್ರ ಮತ್ತ ಬರಬ್ಯಾಡ್ರಿ ಅಂತ. ಇಷ್ಟ ಓದೀದಿ, ಇದು ತಿಳಿಯಂಗಿಲ್ಲೇನ?"

ಇದೇ ನೆಲದಲ್ಲಿ ಹುಟ್ಟಿ ಇದೇ ಮಾತಿನಲ್ಲಿ ಬೆಳೆದವಳು ನಾನು. ಪುಸ್ತಕದ ಕನ್ನಡದಲ್ಲಿ ಅಷ್ಟು ವರ್ಷ ಇದ್ದು, ನೋಡೂಣ ಅಂದರೆ ನೋಡುತ್ತಾರೆ ಎಂದು ತಿಳಿದುಬಿಟ್ಟಿದ್ದೆ. ನಾಚಿಕೆಯಾಯಿತು, ಸಿಟ್ಟೂ ಬಂತು.

ಅಕ್ಕನ ಮನೆಗೆ ಬಂದು ಒಲೆಯ ಮುಂದೆ ಕುಳಿತೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟಿನ ಭರದಲ್ಲಿ ನಾನು ಪಾಠವನ್ನೇ ಶುರು ಮಾಡಿದೆ. ಅಮೆರಿಕದಲ್ಲೂ ಹೀಗೇ ಒಂದು ಉಪಾಯವಿದೆ ಅಕ್ಕಾ ಎಂದೆ. ಎರಡೂ ಸದನ ಒಪ್ಪಿದ ಮಸೂದೆ ಅಧ್ಯಕ್ಷರ ಮೇಜಿಗೆ ಬರುತ್ತದೆ. ಅವರು ಬೇಡ ಎಂದು ಬಾಯಿ ಬಿಟ್ಟು ಹೇಳಿದರೆ ಕಾರಣ ಕೊಡಬೇಕು, ಸದನ ತಿರುಗಿ ಮತ ಹಾಕಿ ಅವರನ್ನು ಮೀರಬಹುದು. ಆದರೆ ಅಧಿವೇಶನ ಮುಗಿಯುವ ಹೊತ್ತಿಗೆ ಬಂದ ಮಸೂದೆಗೆ ಸಹಿ ಹಾಕದೆ ಹತ್ತು ದಿನ ಸುಮ್ಮನಿದ್ದರೆ ಸಾಕು, ಅದು ತಾನೇ ಸಾಯುತ್ತದೆ. ಇಲ್ಲ ಅಂದ ಹಾಗೂ ಆಗಲಿಲ್ಲ, ಹೂಂ ಅಂದ ಹಾಗೂ ಆಗಲಿಲ್ಲ. ಅದಕ್ಕೆ ಪಾಕೆಟ್ ವೀಟೋ ಅನ್ನುತ್ತಾರೆ. ಕಾಗದವನ್ನು ಕಿಸೆಯಲ್ಲಿ ಇಟ್ಟುಕೊಂಡು ಕೂತ ಹಾಗೆ.

ಅಕ್ಕನ ರೊಟ್ಟಿ ಬಡಿಯುವ ಕೈ ನಿಂತಿತು. "ಅಲ್ಲೂ ಕಿಸೆ ಐತೇನ!" ಎಂದು ನಕ್ಕಳು. ಆಮೇಲೆ ಕೇಳಿದಳು, "ಮತ್ತ ಅಲ್ಲಿ ಮಂದಿ ಏನ ಮಾಡತಾರ?"

ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಅದು. ನಾನು ಗೊತ್ತಿದ್ದಷ್ಟು ಹೇಳಿದೆ. ಜಾಣರಾದವರು ಮತ ಎಣಿಸದೆ ಮಸೂದೆ ತರುವುದಿಲ್ಲ. ಎದುರಿನ ಪಕ್ಷದಲ್ಲೂ ನಾಲ್ಕು ಜನರನ್ನು ಹುಡುಕಿಟ್ಟುಕೊಳ್ಳುತ್ತಾರೆ. ನಿನ್ನ ಊರಿನ ಕೆಲಸಕ್ಕೆ ನಾನು ಕೈ ಎತ್ತುತ್ತೇನೆ, ನನ್ನದಕ್ಕೆ ನೀನು ಎತ್ತು ಎನ್ನುತ್ತಾರೆ. ಮತ್ತೆ, ಅಧ್ಯಕ್ಷರಿಗೇ ಬೇಕೇಬೇಕಾದ ಒಂದು ದೊಡ್ಡ ಮಸೂದೆ ಬಂದಾಗ ಅದರ ಬೆನ್ನಿಗೆ ತಮ್ಮದೊಂದು ಸಣ್ಣ ಕಲಮನ್ನು ಕಟ್ಟಿಬಿಡುತ್ತಾರೆ. ಸಣ್ಣದನ್ನು ಕಿಸೆಗೆ ಹಾಕಿದರೆ ದೊಡ್ಡದೂ ಹೋಗುತ್ತದೆ, ಹಾಗಾಗಿ ಅವರು ಸಹಿ ಹಾಕಲೇಬೇಕು.

ಅಕ್ಕ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ, "ಹಂಗಾರ ಸಾವ್ಕಾರಗ ಏನ ಬೇಕಾಗೇತಿ?" ಎಂದಳು.

ಸಾವ್ಕಾರರು ಏನು ತಪ್ಪು ಮಾಡಿದ್ದಾರೆ ಎಂದು ನಾಲ್ಕು ಪುಟ ಬರೆದಿದ್ದೆ. ಅವರಿಗೆ ಏನು ಬೇಕು ಎಂದು ಒಂದು ಸಾಲು ಯೋಚಿಸಿರಲಿಲ್ಲ.

ಆಮೇಲಿನ ಎರಡು ತಿಂಗಳು ಅಕ್ಕ ಏನೂ ಮಾಡಲಿಲ್ಲ. ಅಂದರೆ ನನ್ನ ಕಣ್ಣಿಗೆ ಹಾಗೆ ಕಂಡಿತು. ಕಸ ತೆಗೆಯಲು ಹೋದಳು, ಸಭೆಗೆ ಹೋಗಿ ಸುಮ್ಮನೆ ಕೂತಳು, ಎಲ್ಲರ ಮನೆಯ ಆಕಳು ಕರುವಿನ ಕ್ಷೇಮ ಕೇಳಿದಳು. ನಾನು ಫೋನ್ ಮಾಡಿ ಏನಾತು ಎಂದರೆ "ತಡಿ" ಎನ್ನುತ್ತಿದ್ದಳು. ಆಕೆಯ ಜೊತೆ ಇದ್ದವರು ಊರೆಲ್ಲ ಕಾಕಾ ಎಂದು ಕರೆಯುವ ಒಬ್ಬರು. ಅವರೂ ಸದಸ್ಯರು, ಮುಸ್ಲಿಮರ ಓಣಿಯವರು, ಗಾದಿ ಹೊಲಿಯುವುದು ಅವರ ವೃತ್ತಿ. ಮದುವೆ ನಿಕ್ಕಿಯಾದ ಮನೆಗೆಲ್ಲ ಅರಳೆ ಹಿಡಿದುಕೊಂಡು ಹೋಗುತ್ತಾರೆ, ನಡುಮನೆಯಲ್ಲೇ ಕೂತು ಎರಡು ಮೂರು ದಿನ ಹೊಲಿಯುತ್ತಾರೆ. ಗಾದಿ ಹೊಲಿಯುವವನ ಮುಂದೆ ಯಾರೂ ಮಾತು ಮುಚ್ಚಿ ಆಡುವುದಿಲ್ಲ. ಕಾಕಾನ ತಾಯಿಯನ್ನೂ ಅದೇ ಬದುವಿನ ಮೇಲೆ ಓರೆ ಮಾಡಿಯೇ ಒಯ್ದಿದ್ದರು.

ಸಾವ್ಕಾರರ ಮನೆಯಲ್ಲಿ ಕಿರಿ ಮಗಳ ಮದುವೆಯ ಗಾದಿ ಹೊಲಿಯುವಾಗ ಕಾಕಾನಿಗೆ ಸುದ್ದಿ ಸಿಕ್ಕಿತು. ಅವರ ಒಳಗಿನ ಹೊಲದ ಕಬ್ಬಿಗೆ ಟ್ರ್ಯಾಕ್ಟರ್ ಹೋಗುವುದಿಲ್ಲ. ಕಡಿಯುವ ಗ್ಯಾಂಗಿನವರು ತಲೆಯ ಮೇಲೆ ಹೊತ್ತು ಕಾಲುವೆ ರಸ್ತೆಗೆ ಹಾಕಬೇಕು. ಅದಕ್ಕೇ ಆ ಹೊಲಕ್ಕೆ ಎಲ್ಲರಿಗಿಂತ ಕೊನೆಗೆ ಬರುತ್ತಾರೆ, ಅಷ್ಟರಲ್ಲಿ ಕಬ್ಬು ಒಣಗಿರುತ್ತದೆ. ಹಳ್ಳದ ದಂಡೆಯ ಮೇಲೆ ಹೊಲ ಇರುವ ನಾಲ್ವರು ಸದಸ್ಯರದೂ ಅದೇ ಗೋಳು. ದಾರಿ ನುಂಗಿ ನುಂಗಿ ಸಾವ್ಕಾರರು ತಮ್ಮ ಕಾಲಿಗೇ ಕೊಡಲಿ ಹಾಕಿಕೊಂಡಿದ್ದರು. ದಾರಿ ಅವರಿಗೂ ಬೇಕಾಗಿತ್ತು. ಆದರೆ ನಾನು ನಾಲ್ಕು ಜನರ ಮುಂದೆ ಒತ್ತುವರಿ ಅಂದ ಮೇಲೆ, ಕೇರಿಯವರ ಮಾತಿಗೆ ಒಂದು ಗೇಣು ಬಿಟ್ಟುಕೊಡುವುದಿಲ್ಲ ಎಂದು ಮನೆಯಲ್ಲಿ ಆಣೆ ಹಾಕಿ ಕೂತಿದ್ದರಂತೆ. ನನ್ನ ಭಾಷಣದ ಫಲ ಅದು.

ಪಂಚಾಯತಿಯಲ್ಲಿ ಹದಿಮೂರು ಜನ. ಅಕ್ಕ, ಕಾಕಾ, ಅಕ್ಕನ ಮಾತು ಕೇಳುವ ಇನ್ನೊಬ್ಬ ಹೆಣ್ಣುಮಗಳು, ಮೂರು. ಹಳ್ಳದ ದಂಡೆಯವರು ನಾಲ್ವರು. ಒಟ್ಟು ಏಳು.

ಅಕ್ಕ ಫೋನ್ ಮಾಡಿದಳು. "ಹೊಸಾ ಠರಾವು ಬರಕೊಡು. ಕಬ್ಬು ಸಾಗಸೂ ದಾರಿ ಅಂತ. ನಕಾಶೆದಾಗಿನ ಹಳೇ ಬಂಡಿದಾರಿ, ಹಳ್ಳದ ತನಕಾ. ಸ್ಮಶಾನ ಅನ್ನೂ ಶಬ್ದ ಬರಬಾರದು. ಕೇರಿ ಅನ್ನೂದೂ ಬರಬಾರದು."

ನಾನು ಕೂಗಾಡಿದೆ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು. ನಮ್ಮ ದಾರಿಗೆ ಕಬ್ಬಿನ ಹೆಸರೇ? ಸತ್ತವರನ್ನು ನೆಟ್ಟಗೆ ಒಯ್ಯುವುದು ನಮ್ಮ ಹಕ್ಕು, ಅದನ್ನು ಕಬ್ಬಿನ ಸೆರಗಿನಲ್ಲಿ ಮುಚ್ಚಿಕೊಂಡು ತರಬೇಕೇ? ಹೆಸರೇ ಇಲ್ಲದ ಹಕ್ಕು ಎಂಥ ಹಕ್ಕು?

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಹೆಸರ ಬೇಕಂದ್ರ ಹೆಸರ ತೊಗೊ. ದಾರಿ ಬೇಕಂದ್ರ ದಾರಿ ತೊಗೊ. ಎರಡೂ ಈ ವರ್ಷ ಸಿಗಂಗಿಲ್ಲ" ಎಂದಳು. ಆಮೇಲೆ "ಆಯಿ ಕಡೆ ಎಷ್ಟು ವರ್ಷ ಅದಾವ?" ಎಂದು ಕೇಳಿದಳು.

ಫೋನ್ ಇಟ್ಟುಬಿಟ್ಟೆ. ಎರಡು ದಿನ ಬರೆಯಲಿಲ್ಲ. ಅದೇ ವಾರ ತರಗತಿಯಲ್ಲಿ ಮಸೂದೆ ಕಾನೂನಾಗುವ ಬಗೆಯನ್ನು ಕಲಿಸುವುದಿತ್ತು. ಅಲ್ಲಿ ಮಸೂದೆಗೆ ಚಂದದ ಹೆಸರಿಟ್ಟು, ಎದುರಾಳಿಗೂ ಬೇಡ ಎನ್ನಲು ಬಾಯಿ ಬಾರದಂತೆ ಮಾಡುತ್ತಾರೆ ಎಂದು ಬಹಳ ಮೆಚ್ಚಿಕೊಂಡೇ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಮಾತು ನಿಂತಿತು. ದೂರದವರು ಮಾಡಿದರೆ ಅದು ಚಾಣಾಕ್ಷತನ, ನನ್ನ ಅಕ್ಕ ಮಾಡಿದರೆ ಶರಣಾಗತಿ, ಇದು ಯಾವ ನ್ಯಾಯ? ಆದರೂ ಇನ್ನೊಂದು ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ, ಈಗಲೂ ಹೋಗಿಲ್ಲ. ನಾಳೆ ಕಬ್ಬು ಹೋಗಿ ಇನ್ನೇನೋ ಬೆಳೆ ಬಂದರೆ, ದಾರಿ ಬೇಡವಾದರೆ, ಇದು ನಮಗಾಗಿ ಮಾಡಿದ ದಾರಿ ಎಂದು ತೋರಿಸಲು ನಮ್ಮ ಮಕ್ಕಳ ಕೈಯಲ್ಲಿ ಏನಿರುತ್ತದೆ?

ಮೂರನೆಯ ದಿನ ಬರೆದೆ. ಒಂದೇ ಪುಟ. "ಹಾಗೂ ಎಲ್ಲ ಸಾರ್ವಜನಿಕರ ಓಡಾಟಕ್ಕೆ" ಎಂಬ ನಾಲ್ಕು ಶಬ್ದ ಮಾತ್ರ ಹಟ ಹಿಡಿದು ಸೇರಿಸಿದೆ. ಅಕ್ಕ ಒಪ್ಪಿದಳು. ಅಗಲ ಎಷ್ಟು ಎಂದು ಕೇಳಿದ್ದಕ್ಕೆ, "ಹನ್ನೆರಡು ಫೂಟ ಹಾಕು. ಟ್ರ್ಯಾಕ್ಟರಗ ಹತ್ತು ಸಾಕು. ಹೆಗಲ ಕೊಟ್ಟವರ ಬಾಜೂಕ ಮನಿ ಮಂದಿ ನಡ್ಯಾಕ ಹನ್ನೆರಡು ಬೇಕು" ಎಂದಳು.

ಸಭೆಯ ದಿನ ನನಗೆ ಪರೀಕ್ಷೆ ಡ್ಯೂಟಿ. ಆಮೇಲೆ ಕಾಕಾ ಫೋನ್ ಮಾಡಿ ನಗುತ್ತ ನಗುತ್ತ ಹೇಳಿದರು. ಠರಾವನ್ನು ಮಂಡಿಸಿದ್ದು ಅಕ್ಕ ಅಲ್ಲ, ಹಳ್ಳದ ದಂಡೆಯ ಒಬ್ಬ ಸದಸ್ಯ. ಅದು ತನ್ನದೇ ಯೋಚನೆ ಎಂದು ಆತ ಎದೆಯುಬ್ಬಿಸಿ ಮಾತಾಡಿದನಂತೆ. ಎಲ್ಲರೂ ಹೌದು ಹೌದು ಎನ್ನುವಾಗ ಅಕ್ಕ ಮಾತ್ರ ಎದ್ದು ನಿಂತು, "ಹನ್ನೆರಡು ಫೂಟ ಯಾಕ್ರಿ? ಹತ್ತು ಸಾಕಾಗಂಗಿಲ್ಲೇನ್ರಿ?" ಎಂದು ಕೇಳಿದಳು. ಕೇರಿಯವಳು ಹತ್ತು ಸಾಕು ಅಂದದ್ದೇ ತಡ, ಸಾವ್ಕಾರರು ಕುರ್ಚಿಯಿಂದಲೇ ಗದರಿದರು, "ಎದುರಾ ಬದರಾ ಗಾಡಿ ಬಂದ್ರ ಏನ ಮಾಡ್ತಿ? ಹನ್ನೆರಡ ಇರಲಿ!" ಅವರ ಹೊಲದಿಂದಲೇ ಹೋಗಬೇಕಾದ ಎರಡು ಫೂಟು ಅದು. ಅಳಿಯ ಅಧ್ಯಕ್ಷರು "ಮಾಡೂಣ" ಅಂದರು. ಅಕ್ಕ ತಲೆ ತಗ್ಗಿಸಿ ಕೂತಳು.

"ನಿಮ್ಮ ಅಕ್ಕಾರ ಅಮೆರಿಕಾದಾಗ ಇರಬೇಕಿತ್ತ್ರಿ ಬಾಯಾರ" ಎಂದರು ಕಾಕಾ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ಸಂಕಟವಾಯಿತು. ಎದ್ದು ನಿಂತು ಇದು ನಮ್ಮದು ಎನ್ನಬೇಕಾದವಳು, ತನಗೆ ಬೇಡ ಎಂದು ಹೇಳಿ ಪಡೆಯಬೇಕಾಯಿತಲ್ಲ ಎಂದು.

ದೀಪಾವಳಿಗೆ ಮೊದಲೇ ಗಡಿಕಲ್ಲು ನೆಟ್ಟು ಗರಸು ಮಣ್ಣು ಹಾಕಿದರು. ದಾರಿಯ ಬಾಯಿಗೆ "ಕಬ್ಬು ಸಾಗಾಣಿಕೆ ರಸ್ತೆ" ಎಂದು ಬೋರ್ಡು ಬಂತು. ಅಕ್ಕ ಠರಾವಿನ ನಕಲು ತಂದು ಆಯಿಯ ಕೈಗೆ ಕೊಟ್ಟಳು. ಆಯಿ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ನಾನು ಹೋದ ದಿನ ಹೊರತೆಗೆದು, "ನೀ ಸಾಲಿ ಕಲತಾಕಿ. ಓದ ನನ್ನವ್ವಾ, ನಮ್ಮ ಬಗ್ಗೆ ಏನ ಬರದಾರ ಕೇಳತೇನಿ" ಎಂದಳು.

ಕಾಗದ ಬಿಚ್ಚಿದೆ. ನಾನೇ ಬರೆದದ್ದು, ಒಂದೊಂದು ಅಕ್ಷರವೂ ಗೊತ್ತು. ನಮ್ಮ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಆಯಿ ಮುಖ ನನ್ನ ಕಡೆ ತಿರುಗಿಸಿ ಕೂತಿದ್ದಳು. ನಾನು ಕಾಗದದ ಮೇಲೆ ಬೆರಳಾಡಿಸುತ್ತ ಓದಿದೆ: "ಸದರಿ ಗ್ರಾಮದ ಕೇರಿಯ ಜನರು ತಮ್ಮ ಹಿರಿಯರನ್ನು ಹೆಗಲ ಮೇಲೆ ನೆಟ್ಟಗೆ ಹೊತ್ತು, ಮಾನದಿಂದ ಸ್ಮಶಾನಕ್ಕೆ ಒಯ್ಯುವ ಸಲುವಾಗಿ ಹನ್ನೆರಡು ಫೂಟು ಅಗಲದ ದಾರಿಯನ್ನು ಮಾಡಿಕೊಡಲು ಸಭೆಯು ಸರ್ವಾನುಮತದಿಂದ ಠರಾಯಿಸಿದೆ."

"ಸಾವ್ಕಾರನೂ ಹೂಂ ಅಂದ್ನೇನ?"

"ಅವರ ಮೊದಲ ಅಂದ್ರು, ಆಯಿ."

ಆಯಿ ಕಣ್ಣು ಒರೆಸಿಕೊಂಡಳು. "ಇನ್ನೊಮ್ಮೆ ಓದ" ಎಂದಳು. ಒಂದು ಶಬ್ದ ಹೆಚ್ಚು ಕಡಿಮೆಯಾದರೂ ಆ ಚುರುಕು ಕಿವಿಗೆ ಸಿಕ್ಕಿಬೀಳುತ್ತೇನೆಂದು ಅಂಜುತ್ತ, ಎರಡನೆಯ ಸಲವೂ ಹಾಗೇ ಓದಿದೆ. ಅಕ್ಕ ಅಡುಗೆ ಮನೆಯಲ್ಲಿದ್ದಳು. ಕೇಳಿಸಿತೋ ಇಲ್ಲವೋ, ರೊಟ್ಟಿ ಬಡಿಯುವ ಸಪ್ಪಳ ನಡುವೆ ಒಮ್ಮೆ ನಿಂತು ಮತ್ತೆ ಶುರುವಾಯಿತು.

ಆಯಿ ಹೋದದ್ದು ಚಳಿ ಇಳಿಯುವ ಹೊತ್ತಿಗೆ. ಎರಡೂ ಕಡೆ ಕಬ್ಬು ಇನ್ನೂ ಆಳೆತ್ತರ ನಿಂತಿತ್ತು. ನಾಲ್ಕು ಹೆಗಲ ಮೇಲೆ ಚಟ್ಟ ನೆಟ್ಟಗೆ ಹೋಯಿತು. ಕಾಕಾ ಒಂದು ಹೆಗಲು ಕೊಟ್ಟರು. ಅಕ್ಕ, ನಾನು ಬಾಜೂಕ್ಕೆ ನಡೆದೆವು. ಒಂದು ಗರಿಯೂ ಯಾರಿಗೂ ತಾಗಲಿಲ್ಲ. ಎದುರಿಗೆ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರ್ ಮಗ್ಗುಲಿಗೆ ಸರಿದು ಇಂಜಿನ್ ಬಂದ್ ಮಾಡಿ ನಿಂತಿತು. ನನಗೆ ಅಳುವಿಗಿಂತ ಹೆಚ್ಚು ಹೆಮ್ಮೆಯೇ ಬಂದಿತ್ತು, ಅದನ್ನು ಮುಚ್ಚಿಡುವುದೇಕೆ.

ಅಗೆದಿಟ್ಟ ಕುಣಿಯಲ್ಲಿ ಇಳಿಸಿದ ಮೇಲೆ ಅಕ್ಕ ಸೊಂಟದಿಂದ ಒಂದು ಕಾಗದ ತೆಗೆದು ಆಯಿಯ ಕೈಯಲ್ಲಿಟ್ಟಳು. ಅದೇ ಠರಾವು. "ಇದನ್ಯಾಕ?" ಎಂದು ಪಿಸುಗುಟ್ಟಿದೆ.

"ಅಕೀನ ಹೇಳಿದ್ಲು, ಜೋಡಿ ಇಡ್ರಿ ಅಂತ. ಅಲ್ಲಿ ಮಾವಗ ತೋರಸಬೇಕಂತ."

ನಾನು ಸುಳ್ಳು ಓದಿದ ಕಾಗದ ಸತ್ತವಳ ಕೈಯಲ್ಲಿತ್ತು. ಮಣ್ಣು ಹಾಕಲು ನನ್ನ ಕೈ ಏಳಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿ, ನನಗಷ್ಟೇ ಕೇಳುವ ಹಾಗೆ ಅಂದಳು:

"ಅಂಜಬ್ಯಾಡ. ಮಾವಗೂ ಓದಾಕ ಬರತಿರಲಿಲ್ಲ."